ಬ್ಯಾಂಕಿನ ಕಡತದಲ್ಲಿ ನಿಮ್ಮ ಸಂಬಳ ಇನ್ನೂ ಹಳೆಯದೇ

ಕಳೆದ ಜುಲೈನ ಒಂದು ಶನಿವಾರ ಸಂಜೆ ತಂಗಿಯ ಮಗ ದಾವಣಗೆರೆಯ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಿಂದ ಫೋನ್ ಮಾಡಿದ. ದನಿ ತಗ್ಗಿಸಿ ಮಾತಾಡುತ್ತಿದ್ದ. ಕೌಂಟರಿನ ಹುಡುಗ ಎದುರಿಗೇ ನಿಂತಿದ್ದನಂತೆ. ನಮ್ಮ ಹುಡುಗನ ತಂಗಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಲ್ಯಾಪ್‌ಟಾಪ್ ಕೊಡಿಸೋಣ ಎಂದು ಬೆಂಗಳೂರಿನಿಂದ ಬಂದಿದ್ದ. ಲ್ಯಾಪ್‌ಟಾಪ್ ಬೆಲೆ 54,000 ರೂಪಾಯಿ. ಅವನ ಕ್ರೆಡಿಟ್ ಕಾರ್ಡಿನ ಲಿಮಿಟ್ 60,000. ಆದರೂ ಮೂರು ಸಲ ಉಜ್ಜಿದಾಗ ಮೂರು ಸಲವೂ ಮಷೀನು ಆಗುವುದಿಲ್ಲ ಎಂದಿತ್ತು.

“ಮಾಮ, ತಿಂಗಳಿಗೆ ಅರವತ್ತೆಂಟು ಸಾವಿರ ಸಂಬಳ ತಗೋತೀನಿ. ಒಂದು ದಿನಾನೂ ಬಿಲ್ ತಪ್ಪಿಸಿಲ್ಲ. ಇವರಿಗೆ ನನ್ನ ಮೇಲೆ ಐವತ್ತು ಸಾವಿರದ ನಂಬಿಕೆನೂ ಇಲ್ವಾ?”

ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದ ತಪ್ಪಿಗೆ ಬಂಧುಬಳಗದ ಇಂಥ ಕರೆಗಳೆಲ್ಲ ನನ್ನ ಪಾಲಿಗೇ. ಅವತ್ತು ಅವನಮ್ಮನ ಡೆಬಿಟ್ ಕಾರ್ಡಿನಿಂದ ಲ್ಯಾಪ್‌ಟಾಪ್ ಮನೆಗೆ ಬಂತು. ಮರುದಿನ ಊಟವಾದ ಮೇಲೆ ಅವನ ಮೊಬೈಲಿನಲ್ಲೇ ಕಾರ್ಡಿನ ಬಿಲ್ ತೆಗೆಸಿದೆ. ಮೊದಲ ಪುಟದಲ್ಲಿ ಎರಡು ಅಂಕಿಗಳು ಅಕ್ಕಪಕ್ಕ ಕೂತಿದ್ದವು. ಒಟ್ಟು ಲಿಮಿಟ್ 60,000. ಬಳಕೆಗೆ ಉಳಿದಿರುವುದು 32,500. ಎರಡನೆಯದನ್ನು ಅವನು ಎಂದೂ ನೋಡಿರಲಿಲ್ಲ.

ಉಳಿದದ್ದು ಎಲ್ಲಿ ಹೋಯಿತು? ಆರು ತಿಂಗಳ ಹಿಂದೆ 36,000 ರೂಪಾಯಿಯ ಫೋನನ್ನು ಹನ್ನೆರಡು ಕಂತಿನಲ್ಲಿ ಕೊಂಡಿದ್ದ. ಬಡ್ಡಿಯಿಲ್ಲದ ಕಂತು ಎಂದು ಅಂಗಡಿಯವನು ಹೇಳಿದ್ದೇನೋ ನಿಜ, ಆದರೆ ಕಂತಿಗೆ ಹಾಕಿದ ದಿನವೇ ಅಷ್ಟೂ ಹಣ ಲಿಮಿಟ್‌ನಿಂದ ಕಡಿತವಾಗಿ, ಒಂದೊಂದು ಕಂತು ಕಟ್ಟಿದಂತೆ ಅಷ್ಟಷ್ಟೇ ಬಿಡುಗಡೆಯಾಗುತ್ತದೆ. ಇನ್ನೂ 18,000 ಅಲ್ಲಿ ಸಿಕ್ಕಿಕೊಂಡಿತ್ತು. ಆ ತಿಂಗಳ ಪೆಟ್ರೋಲು, ದಿನಸಿ, ರೈಲು ಟಿಕೆಟ್ಟು ಸೇರಿ 9,500. ಅಲ್ಲಿಗೆ ಲೆಕ್ಕ ಸರಿಹೋಯಿತು. ಲಿಮಿಟ್ ಸಾಲದು ಎಂದು ಬ್ಯಾಂಕನ್ನು ಬಯ್ಯುವ ಅರ್ಧ ಜನರ ಕಥೆ ಇಷ್ಟೇ ಇರುತ್ತದೆ.

ಆದರೂ ಅವನ ದೂರಿನಲ್ಲಿ ಹುರುಳಿತ್ತು. ಅರವತ್ತೆಂಟು ಸಾವಿರ ದುಡಿಯುವವನಿಗೆ ಅರವತ್ತು ಸಾವಿರದ ಲಿಮಿಟ್ ಕಡಿಮೆಯೇ. ಕಾರ್ಡ್ ತೆಗೆದುಕೊಂಡದ್ದು ಯಾವಾಗ ಎಂದು ಕೇಳಿದೆ. ಐದು ವರ್ಷದ ಹಿಂದೆ, ಪೀಣ್ಯದ ಕಾರ್ಖಾನೆಯೊಂದರಲ್ಲಿ 26,000 ಸಂಬಳಕ್ಕೆ ಸೇರಿದಾಗ. ಆಮೇಲೆ ಎರಡು ಕಂಪನಿ ಬದಲಾಯಿಸಿದ್ದಾನೆ, ಸಂಬಳದ ಖಾತೆಯೂ ಬೇರೆ ಬ್ಯಾಂಕಿಗೆ ಹೋಗಿದೆ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಇದ್ಯಾವುದೂ ಗೊತ್ತಿಲ್ಲ. ಅವರ ಕಡತದಲ್ಲಿ ಅವನಿನ್ನೂ ಇಪ್ಪತ್ತಾರು ಸಾವಿರದ ಹುಡುಗ.

ನಾನು ಚಿಕ್ಕವನಿದ್ದಾಗ ನಮ್ಮೂರ ಕಿರಾಣಿ ಅಂಗಡಿಯ ಶೆಟ್ಟರ ಹತ್ತಿರ ಉದ್ದನೆಯ ಉದ್ರಿ ಪುಸ್ತಕವಿತ್ತು. ಯಾರ ಮನೆಗೆ ಎಷ್ಟರವರೆಗೆ ಉದ್ರಿ ಎಂಬುದು ಅದರಲ್ಲಿ ಬರೆದಿರುತ್ತಿರಲಿಲ್ಲ, ಶೆಟ್ಟರ ತಲೆಯಲ್ಲಿರುತ್ತಿತ್ತು. ಯಾರ ಮಗನಿಗೆ ನೌಕರಿಯಾಯಿತು, ಯಾರ ಹೊಲದಲ್ಲಿ ಈ ಸಲ ಶೇಂಗಾ ಕೈಕೊಟ್ಟಿತು ಎಲ್ಲ ಅವರ ಕಿವಿಗೆ ಬೀಳುತ್ತಿತ್ತು. ಉದ್ರಿ ತಾನಾಗಿಯೇ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಬ್ಯಾಂಕಿಗೆ ಅಂಥ ಕಿವಿಯಿಲ್ಲ. ನಿಮ್ಮ ಸುದ್ದಿಯನ್ನು ನೀವೇ ಹೋಗಿ ಹೇಳಬೇಕು, ಕಾಗದದ ಸಮೇತ.

ಬ್ಯಾಂಕು ನೋಡುವುದೇನು?

ಮೊದಲನೆಯದು ಆದಾಯ, ಅಂದರೆ ನೀವು ದಾಖಲೆ ಕೊಟ್ಟ ಆದಾಯ. ಎರಡನೆಯದು ಬಿಲ್ ಕಟ್ಟುವ ರೀತಿ. ಮೂರನೆಯದು, ಬೇರೆ ಕಡೆ ಎಷ್ಟು ಸಾಲವಿದೆ ಎಂಬುದು. ಇವೆಲ್ಲದರ ಮೇಲೆ, ಒಬ್ಬ ಗ್ರಾಹಕನಿಗೆ ಒಟ್ಟು ಇಷ್ಟೇ ಎಂದು ಬ್ಯಾಂಕು ಒಳಗೊಳಗೇ ಇಟ್ಟುಕೊಂಡ ಮಿತಿ ಇರುತ್ತದೆ. ಒಂದೇ ಬ್ಯಾಂಕಿನ ಎರಡು ಕಾರ್ಡ್ ಇದ್ದರೆ ಸಾಮಾನ್ಯವಾಗಿ ಎರಡೂ ಒಂದೇ ಲಿಮಿಟ್ ಹಂಚಿಕೊಳ್ಳುವುದು ಇದಕ್ಕೇ. ಹೆಂಡತಿಗೋ ಮಗನಿಗೋ ಕೊಡಿಸಿದ ಆ್ಯಡ್-ಆನ್ ಕಾರ್ಡೂ ನಿಮ್ಮ ಲಿಮಿಟ್‌ನಿಂದಲೇ ಕುಡಿಯುತ್ತದೆ.

ಹೊರಗಿನ ಸಾಲದ ಸುದ್ದಿ ಬ್ಯಾಂಕಿಗೆ ಬರುವುದು ಸಾಲ ಮಾಹಿತಿ ಕಂಪನಿಗಳಿಂದ. ಜನ ಎಲ್ಲವನ್ನೂ ‘ಸಿಬಿಲ್’ ಎನ್ನುತ್ತಾರಾದರೂ ದೇಶದಲ್ಲಿ ಅಂಥವು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಅವು ನಮಗೆ ಕೊಡುವ ಅಂಕ 300ರಿಂದ 900ರ ನಡುವೆ. ಮೊದಲೆಲ್ಲ ಬ್ಯಾಂಕುಗಳು ತಿಂಗಳಿಗೊಮ್ಮೆ ಇವಕ್ಕೆ ವರದಿ ಕಳಿಸುತ್ತಿದ್ದವು. 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತು. ಹಾಗಾಗಿ ನೀವು ಮಾಡಿದ ಒಳ್ಳೆಯದೂ ಕೆಟ್ಟದ್ದೂ ಈಗ ಬೇಗ ಮುಟ್ಟುತ್ತದೆ.

ಈಚಿನ ವರ್ಷಗಳಲ್ಲಿ ಬ್ಯಾಂಕುಗಳ ಕೈ ಸ್ವಲ್ಪ ಬಿಗಿಯಾಗಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ಬಾಕಿಯ ಅಪಾಯದ ತೂಕವನ್ನು ಶೇ 125ರಿಂದ 150ಕ್ಕೆ ಏರಿಸಿತು. ಅಡವಿಲ್ಲದೆ ಕೊಡುವ ಸಾಲ ಬೇಗಬೇಗ ಬೆಳೆಯುತ್ತಿದೆ ಎಂಬ ಆತಂಕ ಅದರ ಹಿಂದಿತ್ತು. ಕಾರ್ಡಿನಲ್ಲಿ ನೂರು ರೂಪಾಯಿ ಸಾಲ ಕೊಟ್ಟರೆ ಅದನ್ನು ನೂರೈವತ್ತೆಂದು ಎಣಿಸಿ ಬಂಡವಾಳ ತೆಗೆದಿಡಬೇಕಾದಾಗ ಯಾವ ಬ್ಯಾಂಕು ತಾನೇ ಕೇಳಿದವರಿಗೆಲ್ಲ ಲಿಮಿಟ್ ಹಂಚುತ್ತದೆ?

ಎರಡು ದಾರಿ

ಸುಲಭದ ದಾರಿ ಬ್ಯಾಂಕೇ ಮುಂದಾಗಿ ಕೊಡುವುದು. ಆರು ತಿಂಗಳೋ ವರ್ಷವೋ ನಿಮ್ಮ ನಡವಳಿಕೆ ನೋಡಿ, ನಿಮಗೆ ಇಷ್ಟರವರೆಗೆ ಏರಿಸಬಹುದು ಎಂದು ಅದರ ಕಂಪ್ಯೂಟರ್ ಲೆಕ್ಕ ಹಾಕಿಡುತ್ತದೆ. ಬ್ಯಾಂಕಿನ ಆ್ಯಪ್ ಅಥವಾ ನೆಟ್‌ಬ್ಯಾಂಕಿಂಗ್‌ನಲ್ಲಿ ಕಾರ್ಡ್ ಸೇವೆಗಳ ಪಟ್ಟಿ ತೆರೆದರೆ ಲಿಮಿಟ್ ಹೆಚ್ಚಿಸುವ ಆಯ್ಕೆ ಇರುತ್ತದೆ. ಒಳಗೆ ಹೋದರೆ ಆಫರ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇದ್ದರೆ ಸಾಮಾನ್ಯವಾಗಿ ಯಾವ ಕಾಗದವೂ ಬೇಡ. ಒಪ್ಪಿಗೆ ಕೊಟ್ಟು ಓಟಿಪಿ ಹಾಕಿದರೆ ಮುಗಿಯಿತು. ಆಫರ್ ಇಲ್ಲದಿದ್ದರೆ ಕಸ್ಟಮರ್ ಕೇರ್‌ನವರನ್ನು ಎಷ್ಟು ಕಾಡಿದರೂ ಫೋನಿನಲ್ಲಿ ಅದು ಹುಟ್ಟುವುದಿಲ್ಲ.

ಎರಡನೆಯದು ಆದಾಯ ತೋರಿಸಿ ಕೇಳುವುದು. ನಮ್ಮ ಹುಡುಗನಿಗೆ ಬೇಕಾಗಿದ್ದುದು ಇದು. ಫೋನ್ ಮಾಡಿದರೂ ಶಾಖೆಗೆ ಹೋದರೂ ‘ಲಿಮಿಟ್ ಜಾಸ್ತಿ ಮಾಡಿ’ ಎಂದಷ್ಟೇ ಹೇಳಿದರೆ, ಆಫರ್ ಇಲ್ಲ ಸಾರ್ ಎಂಬ ಸಿದ್ಧ ಉತ್ತರ ಬರುತ್ತದೆ. “ನಿಮ್ಮಲ್ಲಿರುವ ನನ್ನ ಆದಾಯದ ದಾಖಲೆ ಹಳೆಯದು. ಹೊಸದು ಕೊಡುತ್ತೇನೆ, ಅದರ ಮೇಲೆ ಲಿಮಿಟ್ ಪರಿಶೀಲಿಸಿ” ಎಂದು ಹೇಳು ಅಂದೆ. ಹಾಗೆ ಕೇಳಿದರೆ ಅರ್ಜಿ ಬೇರೆ ಮೇಜಿಗೆ ಹೋಗುತ್ತದೆ. ಸಂಬಳದವರಿಗೆ ಮೂರು ತಿಂಗಳ ಸ್ಯಾಲರಿ ಸ್ಲಿಪ್, ಫಾರಂ 16, ಕೆಲವು ಕಡೆ ಸಂಬಳ ಬೀಳುವ ಖಾತೆಯ ಆರು ತಿಂಗಳ ಸ್ಟೇಟ್‌ಮೆಂಟ್ ಬೇಕಾಗುತ್ತದೆ. ಕೊಟ್ಟ ಮೇಲೆ ಮನವಿಯ ಸಂಖ್ಯೆ ಬರೆದಿಟ್ಟುಕೊಳ್ಳಿ. ಈ ಕಾಗದಗಳನ್ನು ಬ್ಯಾಂಕಿನ ಪೋರ್ಟಲ್‌ನಲ್ಲಿ ಹಾಕಿ, ಇಲ್ಲವೇ ಶಾಖೆಯಲ್ಲಿ ಕೊಡಿ. ‘ನನ್ನ ವಾಟ್ಸ್‌ಆ್ಯಪ್‌ಗೆ ಕಳಿಸಿ ಸಾರ್, ನಾನು ಮಾಡಿಸ್ತೀನಿ’ ಎನ್ನುವ ಏಜೆಂಟರಿಗೆ ನಿಮ್ಮ ಪ್ಯಾನ್, ಸ್ಲಿಪ್, ಸ್ಟೇಟ್‌ಮೆಂಟ್ ಮೂರನ್ನೂ ಒಟ್ಟಿಗೆ ಕಳಿಸುವುದು ಮನೆಯ ಬೀಗದ ಕೈಯನ್ನು ದಾರಿಹೋಕರಿಗೆ ಕೊಟ್ಟ ಹಾಗೆ.

ಕಾಗದ ಕೊಟ್ಟು ಕೇಳಿದಾಗ ಬ್ಯಾಂಕು ನಿಮ್ಮ ಸಾಲದ ವರದಿಯನ್ನು ಹೊಸದಾಗಿ ತರಿಸಿ ನೋಡಬಹುದು. ಆ ವಿಚಾರಣೆ ವರದಿಯಲ್ಲಿ ದಾಖಲಾಗುತ್ತದೆ. ಒಂದೆರಡಾದರೆ ಏನೂ ಆಗುವುದಿಲ್ಲ. ಒಂದೇ ತಿಂಗಳಲ್ಲಿ ಐದು ಕಡೆ ಅರ್ಜಿ ಹಾಕಿದರೆ, ಇವನಿಗೆ ದುಡ್ಡಿನ ತುರ್ತು ಬಂದಿದೆ ಎಂದು ಓದುವವರಿಗೆ ಅನ್ನಿಸುತ್ತದೆ.

ವ್ಯಾಪಾರಿಗಳ ಪಾಡು ಬೇರೆ. ಅವರು ಎರಡು ವರ್ಷದ ಐಟಿ ರಿಟರ್ನ್ ಕೊಡಬೇಕು. ನಮ್ಮ ಪರಿಚಯದ ಬಟ್ಟೆ ಅಂಗಡಿಯವರೊಬ್ಬರು, ದಿನಕ್ಕೆ ಮೂವತ್ತು ಸಾವಿರದ ವ್ಯಾಪಾರ ಇದ್ದರೂ ಲಿಮಿಟ್ ಐವತ್ತು ಸಾವಿರ ದಾಟಿಲ್ಲ ಎಂದು ಕೊರಗುತ್ತಿದ್ದರು. ರಿಟರ್ನ್‌ನಲ್ಲಿ ಎಷ್ಟು ತೋರಿಸಿದ್ದೀರಿ ಎಂದು ಕೇಳಿದೆ. ಮೂರು ಲಕ್ಷ. ತೆರಿಗೆ ಇಲಾಖೆಗೊಂದು ಮುಖ, ಬ್ಯಾಂಕಿಗೊಂದು ಮುಖ ತೋರಿಸುವುದಕ್ಕೆ ಬರುವುದಿಲ್ಲ. ಆಡಿಟರು ತುಂಬಿದ ಆ ಅಂಕಿಯೇ ಬ್ಯಾಂಕಿನ ಮಟ್ಟಿಗೆ ನಿಮ್ಮ ಆದಾಯ.

ಇನ್ನು ಅಡಿಕೆ ತೋಟದವರು, ಹೈನುಗಾರಿಕೆಯವರು, ಸಂಬಳದ ಚೀಟಿಯೂ ರಿಟರ್ನೂ ಇಲ್ಲದವರು ಏನು ಮಾಡಬೇಕು? ಅವರಿಗೆ ಠೇವಣಿ ಮೇಲಿನ ಕಾರ್ಡ್ ಒಳ್ಳೆಯದು. ಬ್ಯಾಂಕಿನಲ್ಲಿ ಒಂದು ಲಕ್ಷದ ಎಫ್‌ಡಿ ಇಟ್ಟರೆ ಬ್ಯಾಂಕನ್ನು ಅವಲಂಬಿಸಿ ಅದರ ಶೇ 75ರಿಂದ 90ರಷ್ಟು, ಕೆಲವೆಡೆ ಪೂರ್ತಿಯಾಗಿಯೂ ಲಿಮಿಟ್ ಸಿಗುತ್ತದೆ. ಠೇವಣಿಗೆ ಬಡ್ಡಿ ಬರುವುದು ನಿಲ್ಲುವುದಿಲ್ಲ. ಲಿಮಿಟ್ ಹೆಚ್ಚು ಬೇಕೆಂದರೆ ಠೇವಣಿ ಹೆಚ್ಚಿಸಬೇಕು, ಅಷ್ಟೇ. ಒಂದೆರಡು ವರ್ಷ ಚೊಕ್ಕವಾಗಿ ಕಟ್ಟಿಕೊಂಡು ಬಂದರೆ ಹೆಸರೂ ಆಗುತ್ತದೆ. ಆದರೆ ಬಾಕಿ ಉಳಿಸಿದರೆ ಬ್ಯಾಂಕು ಠೇವಣಿಗೇ ಕೈ ಹಾಕುತ್ತದೆ ಎಂಬುದು ನೆನಪಿರಲಿ.

ಬೇಡದಾಗ ಕೇಳಬೇಕು

ಜನ ಲಿಮಿಟ್ ಹೆಚ್ಚಿಸಲು ಕೇಳುವುದು ಯಾವಾಗ? ಮಗಳ ಮದುವೆ ಮುಂದಿನ ತಿಂಗಳಿದ್ದಾಗ, ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕಟ್ಟಬೇಕಾದಾಗ, ಕಾರ್ಡ್ ಕಂಠಮಟ್ಟ ತುಂಬಿದಾಗ. ಬ್ಯಾಂಕು ಇಲ್ಲ ಎನ್ನುವುದೂ ಅದೇ ಹೊತ್ತಿನಲ್ಲಿ. ತುಂಬಿದ ಕಾರ್ಡ್ ಹಿಡಿದು ಇನ್ನಷ್ಟು ಕೇಳುವವನು ಅವರ ಕಣ್ಣಿಗೆ ಸಾಲದಲ್ಲಿ ಮುಳುಗುತ್ತಿರುವವನ ಹಾಗೆ ಕಾಣುತ್ತಾನೆ. ಇಂಕ್ರಿಮೆಂಟ್ ಬಂದು ಮೂರು ಹೊಸ ಸ್ಲಿಪ್ ಕೈಗೆ ಸಿಕ್ಕ ಮೇಲೆ, ಕಾರ್ಡಿನಲ್ಲಿ ಬಾಕಿ ಕಡಿಮೆಯಿರುವ ಯಾವುದೋ ಸಾದಾ ತಿಂಗಳಲ್ಲಿ ಕೇಳುವುದೇ ಜಾಣತನ. ಹೊಸ ಕೆಲಸಕ್ಕೆ ಸೇರಿ ಪ್ರೊಬೇಷನ್‌ನಲ್ಲಿದ್ದಾಗ ಬೇಡ. ಎರಡು ಮೂರು ತಿಂಗಳಲ್ಲಿ ಮನೆ ಸಾಲಕ್ಕೆ ಹೋಗುವವರಿದ್ದರೂ ಬೇಡ, ಅದು ಮುಗಿಯಲಿ.

ಕಾರ್ಡನ್ನು ಬೀರುವಿನಲ್ಲಿಟ್ಟು ಪೂಜೆ ಮಾಡಿದರೂ ಲಿಮಿಟ್ ಏರುವುದಿಲ್ಲ. ಬಳಸಬೇಕು, ಪೂರ್ತಿ ತೀರಿಸಬೇಕು. ಎಷ್ಟು ಬಳಸಬೇಕು ಎಂಬುದಕ್ಕೆ ಬರೆದಿಟ್ಟ ನಿಯಮವಿಲ್ಲ. ಲಿಮಿಟ್‌ನ ಶೇ 30ರೊಳಗೆ ಇದ್ದರೆ ಒಳ್ಳೆಯದು ಎಂಬುದು ಈ ವ್ಯವಹಾರದಲ್ಲಿ ಎಲ್ಲರೂ ಹೇಳುವ ಮಾತು. ತಿಂಗಳಿಗೆ 24,000 ಖರ್ಚು ಮಾಡುವವನ ಲಿಮಿಟ್ 60,000 ಇದ್ದರೆ ಬಳಕೆ ಶೇ 40. ಅದೇ ಖರ್ಚು, ಲಿಮಿಟ್ 1,60,000 ಆದರೆ ಶೇ 15. ಒಂದು ರೂಪಾಯಿ ಖರ್ಚು ಕಡಿಮೆ ಮಾಡದೆಯೂ ವರದಿಯಲ್ಲಿ ಅವನು ಹೆಚ್ಚು ನೆಮ್ಮದಿಯ ಮನುಷ್ಯನಾಗಿ ಕಾಣುತ್ತಾನೆ. ಖರ್ಚು ಮಾಡದವರಿಗೂ ಲಿಮಿಟ್ ಏರಿಸಿಕೊಳ್ಳಿ ಎಂದು ನಾನು ಹೇಳುವುದು ಈ ಒಂದು ಲಾಭಕ್ಕಾಗಿ.

ಲಿಮಿಟ್ ಏರುವವರೆಗೆ ಇನ್ನೊಂದು ಉಪಾಯವಿದೆ. ವರದಿಗೆ ಹೋಗುವುದು ಅದನ್ನು ಕಳಿಸುವ ದಿನಕ್ಕೆ ಬಾಕಿ ಇರುವ ಮೊತ್ತ. ಹಾಗಾಗಿ ಕಡೆಯ ದಿನಾಂಕದವರೆಗೆ ಕಾಯದೆ, ಬಿಲ್ ಹುಟ್ಟುವ ಮೂರ್ನಾಲ್ಕು ದಿನ ಮೊದಲೇ ಅರ್ಧ ಕಟ್ಟಿಬಿಟ್ಟರೆ ಬಾಕಿ ಚಿಕ್ಕದಾಗಿ ಕಾಣುತ್ತದೆ. ಬಿಲ್ಲಿನ ದಿನ ನಿಮ್ಮ ಸಂಬಳದ ದಿನಕ್ಕೆ ಹೊಂದುತ್ತಿಲ್ಲವೇ? ಒಮ್ಮೆಯಾದರೂ ಬಿಲ್ಲಿನ ಚಕ್ರ ಬದಲಾಯಿಸಿಕೊಳ್ಳುವ ಹಕ್ಕು ನಿಮಗಿದೆ, ಕೇಳಿ.

ಕಡೆಯ ದಿನ ಮರೆತರೆ ಗಾಬರಿಬಿದ್ದು ಕೂರಬೇಡಿ. ಮೂರು ದಿನ ದಾಟಿದ ಮೇಲಷ್ಟೇ ಬ್ಯಾಂಕು ನಿಮ್ಮನ್ನು ಬಾಕಿದಾರ ಎಂದು ವರದಿ ಮಾಡಬಹುದು, ತಡ ಶುಲ್ಕ ಹಾಕಬಹುದು ಎಂಬ ನಿಯಮವಿದೆ. ಆ ಮೂರು ದಿನ ಕಟ್ಟುವುದಕ್ಕಿರುವ ಅವಕಾಶ, ಪ್ರತಿ ತಿಂಗಳೂ ಒರಗಿಕೊಳ್ಳುವ ದಿಂಬಲ್ಲ.

ಮಿನಿಮಮ್ ಕಟ್ಟುವವರಿಗೆ

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಕಾರ್ಡಿನಲ್ಲಿ 40,000 ಬಾಕಿ ಉಳಿದಿದೆ ಎನ್ನಿ. ಅನೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ 3.75, ವರ್ಷಕ್ಕೆ 45. ಒಂದು ತಿಂಗಳ ಬಡ್ಡಿ 1,500. ಅದರ ಮೇಲೆ ಶೇ 18 ಜಿಎಸ್‌ಟಿ, 270. ಒಟ್ಟು 1,770. ಮಿನಿಮಮ್ ಎಂದು ಶೇ 5, ಅಂದರೆ 2,000 ಕಟ್ಟಿದಿರಿ. ಅಸಲಿಗೆ ಸೇರಿದ್ದು 230 ರೂಪಾಯಿ! ಜೊತೆಗೆ, ಹಳೆಯ ಬಾಕಿ ಇರುವಷ್ಟು ಕಾಲ ಹೊಸದಾಗಿ ಕೊಂಡ ಒಂದು ಕೆಜಿ ಸಕ್ಕರೆಗೂ ಆ ದಿನದಿಂದಲೇ ಬಡ್ಡಿ.

ಈ ಬಡ್ಡಿಗೊಂದು ಮೂಗುದಾರ ಹಾಕುವ ಪ್ರಯತ್ನ ನಡೆದಿತ್ತು. ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಆ ಆದೇಶವನ್ನು ರದ್ದು ಮಾಡಿತು. ಈಗ ಬ್ಯಾಂಕು ಹೇಳಿದ್ದೇ ದರ.

ಮಿನಿಮಮ್ ಮಾತ್ರ ಕಟ್ಟುತ್ತಿರುವವರು ಈ ಲೇಖನದ ಮಿಕ್ಕ ಭಾಗ ಓದದಿದ್ದರೂ ನಷ್ಟವಿಲ್ಲ. ನಿಮಗೆ ಬೇಕಾದದ್ದು ದೊಡ್ಡ ಲಿಮಿಟ್ ಅಲ್ಲ. ಕಡಿಮೆ ಬಡ್ಡಿಯ ಒಂದು ಸಾಲ, ಚಿನ್ನದ ಮೇಲಾದರೂ ಸರಿ, ತೆಗೆದು ಕಾರ್ಡನ್ನು ತೀರಿಸಿಕೊಳ್ಳಿ.

ಇನ್ನೊಂದು ಗುಂಪಿನವರಿದ್ದಾರೆ. ಷಡ್ಡಕನೋ ಸಹೋದ್ಯೋಗಿಯೋ ‘ನಿನ್ನ ಕಾರ್ಡಲ್ಲಿ ಉಜ್ಜಿಬಿಡು, ತಿಂಗಳ ಕೊನೆಗೆ ಕೊಡ್ತೀನಿ’ ಎಂದರೆ ಇಲ್ಲವೆನ್ನಲಾರದವರು. ಲಿಮಿಟ್ ಏರಿದ ಸುದ್ದಿಯನ್ನು ಇವರು ಮನೆಯಲ್ಲೂ ಹೇಳಬಾರದು. ಕಾರ್ಡ್ ಉಜ್ಜಿಸಿಕೊಂಡು, ಶೇಕಡಾ ಎರಡು ಹಿಡಿದು ನಗದು ಕೊಡುವ ಅಂಗಡಿಗಳ ಸಹವಾಸವಂತೂ ಬೇಡವೇ ಬೇಡ. ಒಂದೇ ಅಂಗಡಿಯಲ್ಲಿ ಪ್ರತಿ ತಿಂಗಳೂ ದುಂಡು ಮೊತ್ತ ಬೀಳುವುದು ಬ್ಯಾಂಕಿನ ಕಣ್ಣಿಗೆ ಬೀಳದೆ ಇರುವುದಿಲ್ಲ. ಲಿಮಿಟ್ ಏರಿಸುವುದಿರಲಿ, ಇದ್ದದ್ದನ್ನೂ ಇಳಿಸುತ್ತಾರೆ. ಒಂದು ಹಣಕಾಸು ವರ್ಷದಲ್ಲಿ ಒಬ್ಬರ ಕಾರ್ಡ್ ಬಿಲ್‌ಗಳಿಗೆ ಕಟ್ಟಿದ ಹಣ 10 ಲಕ್ಷ ಮುಟ್ಟಿದರೆ ಆ ಮಾಹಿತಿ ಆದಾಯ ತೆರಿಗೆ ಇಲಾಖೆಗೂ ಹೋಗುತ್ತದೆ. ಖರ್ಚು ಷಡ್ಡಕನದ್ದು ಎಂದು ಅಲ್ಲಿ ಹೋಗಿ ಹೇಳುವುದು ಕಷ್ಟ.

ವರದಿಯಲ್ಲಿ ನೀವೇ ಇದ್ದೀರಾ?

ಅರ್ಜಿ ಹಾಕುವ ಮೊದಲು ಒಮ್ಮೆ ನಿಮ್ಮ ಸಾಲದ ವರದಿ ತೆಗೆದು ಓದಿ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಮೂರು ಮೂರು ತಿಂಗಳಿಗೆ ಒಂದೊಂದು ಕಂಪನಿಯಿಂದ ತೆಗೆದರೆ ದುಡ್ಡು ಕೊಡದೆ ವರ್ಷವಿಡೀ ಕಣ್ಣಿಟ್ಟಂತಾಯಿತು.

ನಮ್ಮ ಹೆಸರುಗಳ ಇನಿಷಿಯಲ್‌ಗಳು ಇಲ್ಲಿ ಕಿರಿಕಿರಿ ಕೊಡುತ್ತವೆ. ಪ್ಯಾನ್‌ನಲ್ಲಿ ಊರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತದೆ, ಆಧಾರ್‌ನಲ್ಲಿ ಹೆಸರಿನ ಹಿಂದೆ ಎರಡಕ್ಷರ, ಬ್ಯಾಂಕಿನಲ್ಲಿ ಮುಂದೆ. ಒಂದೇ ಹೆಸರಿನ, ಒಂದೇ ಇನಿಷಿಯಲ್‌ನ ಇನ್ನೊಬ್ಬರ ಟ್ರ್ಯಾಕ್ಟರ್ ಸಾಲ ನಿಮ್ಮ ವರದಿಯಲ್ಲಿ ಬಂದು ಕೂತಿದ್ದರೂ ಕೂತಿರಬಹುದು. ಎಂದೋ ತೀರಿಸಿದ ಬೈಕ್ ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿರಬಹುದು. ತಪ್ಪಿದ್ದರೆ ಆ ಕಂಪನಿಯ ಜಾಲತಾಣದಲ್ಲೇ ದೂರು ದಾಖಲಿಸಿ. 30 ದಿನದೊಳಗೆ ಬಗೆಹರಿಸದಿದ್ದರೆ ತಡವಾದ ದಿನವೊಂದಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಇಲ್ಲ ಎಂದರೆ

ಕಾರಣ ಕೇಳಿ. ಹೊಸ ಕಾರ್ಡಿನ ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರಹದಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಲಿಮಿಟ್ ವಿಚಾರದಲ್ಲೂ ಇಮೇಲ್‌ನಲ್ಲಿ ಕೇಳಿದರೆ ಎಷ್ಟೋ ಸಲ ಉತ್ತರ ಬರುತ್ತದೆ. ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯುತ್ತೇನೆ ಎಂದು ಹೆದರಿಸುವುದರಿಂದ ಪ್ರಯೋಜನವಿಲ್ಲ. ಯಾರಿಗೆ ಎಷ್ಟು ಸಾಲ ಕೊಡಬೇಕು ಎಂಬುದು ಬ್ಯಾಂಕಿನ ವ್ಯಾವಹಾರಿಕ ತೀರ್ಮಾನ, ಅದನ್ನು ಓಂಬುಡ್ಸ್‌ಮನ್ ವಿಚಾರಿಸುವುದಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ಕೇಳಿ. ಅಥವಾ ನಿಮ್ಮ ಸಂಬಳ ಬೀಳುವ ಬ್ಯಾಂಕಿನಲ್ಲೇ ಇನ್ನೊಂದು ಕಾರ್ಡಿಗೆ ವಿಚಾರಿಸಿ. ಅವರಿಗೆ ನಿಮ್ಮ ಸಂಬಳ ತಿಂಗಳು ತಿಂಗಳೂ ಕಣ್ಣೆದುರೇ ಕಾಣುತ್ತಿರುತ್ತದೆ.

ಓಂಬುಡ್ಸ್‌ಮನ್ ಉಪಯೋಗಕ್ಕೆ ಬರುವುದು ಇದರ ಉಲ್ಟಾ ಪ್ರಕರಣದಲ್ಲಿ. 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ರಿಸರ್ವ್ ಬ್ಯಾಂಕು, ಕಾರ್ಡುದಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ಲಿಮಿಟ್ ಏರಿಸುವಂತಿಲ್ಲ ಎಂದಿದೆ. ಇಳಿಸುವುದಾದರೆ ತಿಳಿಸಬೇಕು. ಲಿಮಿಟ್ ಮೀರಿ ಖರ್ಚಾಗಲು ಬಿಟ್ಟು ಆಮೇಲೆ ಶುಲ್ಕ ಹಾಕುವುದಕ್ಕೂ ಮೊದಲೇ ನಿಮ್ಮ ಒಪ್ಪಿಗೆ ಬೇಕು. ಹೀಗೇನಾದರೂ ಆದರೆ ಮೊದಲು ಬ್ಯಾಂಕಿಗೆ ಬರೆಯಿರಿ, 30 ದಿನದಲ್ಲಿ ಸರಿಹೋಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಪೋರ್ಟಲ್‌ಗೆ ಹೋಗಿ. ಸಹಾಯವಾಣಿ 14448.

ದೊಡ್ಡ ಲಿಮಿಟ್ ಎಂದರೆ ಕಾರ್ಡ್ ಕಳೆದಾಗ ದೊಡ್ಡ ನಷ್ಟ ಎಂದು ಹೆದರುವವರಿಗೊಂದು ಮಾತು. ಆ್ಯಪ್‌ನಲ್ಲಿ ಅಂಗಡಿ ಬಳಕೆ, ಆನ್‌ಲೈನ್, ವಿದೇಶಿ ವಹಿವಾಟು, ಮುಟ್ಟಿಸಿ ಕೊಡುವ ಪಾವತಿ ಎಲ್ಲಕ್ಕೂ ಬೇರೆ ಬೇರೆ ಸ್ವಿಚ್ ಇದೆ, ಬೇರೆ ಬೇರೆ ಮಿತಿ ಇಡಬಹುದು. ವಿದೇಶಿ ಬಳಕೆ ಇಲ್ಲದವರು ಅದನ್ನು ಈಗಲೇ ಆರಿಸಿಬಿಡಿ. ಪಿನ್ ಇಲ್ಲದೆ ಮುಟ್ಟಿಸಿ 5,000 ರೂಪಾಯಿವರೆಗೆ ಕೊಡಬಹುದಾದ್ದರಿಂದ ಬೇಡವೆನಿಸಿದರೆ ಅದನ್ನೂ ಆರಿಸಿ.

‘ಸಾರ್, ಅಪ್ರೂವ್ ಆಗಿದೆ’

ನನಗೇ ಬಂದ ಕರೆ ಇದು. ಅಚ್ಚ ಕನ್ನಡ, ವಿನಯದ ಹೆಣ್ಣುದನಿ. “ನಮಸ್ಕಾರ ಸಾರ್, ನಿಮ್ಮ ಕಾರ್ಡ್ ಲಿಮಿಟ್ ಎರಡೂವರೆ ಲಕ್ಷಕ್ಕೆ ಅಪ್ರೂವ್ ಆಗಿದೆ. ಇವತ್ತೇ ಕೊನೇ ದಿನ.” ಕಾರ್ಡಿನ ಕೊನೆಯ ನಾಲ್ಕು ಅಂಕಿಯನ್ನೂ ಆಕೆಯೇ ಹೇಳಿದಳು. ದೃಢೀಕರಣಕ್ಕೆ ಓಟಿಪಿ ಬರುತ್ತದೆ, ಹೇಳಿ ಎಂದಳು. ಬಂತು. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: 49,999 ರೂಪಾಯಿ ಪಾವತಿಗೆ. ಆ ಸಾಲನ್ನು ಅವಳಿಗೇ ಓದಿ ಹೇಳಿದೆ. ಕರೆ ಕಟ್ಟಾಯಿತು.

ಓಟಿಪಿಯ ಆರಂಕಿ ಮಾತ್ರ ನೋಡುವ ಚಾಳಿ ನಮ್ಮೆಲ್ಲರಿಗೂ ಅಂಟಿದೆ. ಅದರ ಜೊತೆಗಿನ ವಾಕ್ಯವನ್ನು ಓದಿದರೆ ಇಂಥ ವಂಚನೆ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಲಿಮಿಟ್ ಏರಿಸಲು ಯಾವ ಬ್ಯಾಂಕಿನವರೂ ಫೋನಿನಲ್ಲಿ ಓಟಿಪಿ, ಸಿವಿವಿ ಕೇಳುವುದಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ ಕಳಿಸಿ ಇನ್‌ಸ್ಟಾಲ್ ಮಾಡಿ ಎನ್ನುವುದಿಲ್ಲ. ಸೇವೆಗೆ ಸಂಬಂಧಿಸಿದ ಕರೆಗಳನ್ನು ಬ್ಯಾಂಕುಗಳು 1600ರಿಂದ ಶುರುವಾಗುವ ಸಂಖ್ಯೆಗಳಿಂದಲೇ ಮಾಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಜಾಹೀರಾತಿನ ಕರೆಗಳಿಗೆ 140. ಹತ್ತಂಕಿಯ ಮಾಮೂಲಿ ಮೊಬೈಲ್‌ನಿಂದ ‘ಅಪ್ರೂವ್ ಆಗಿದೆ’ ಎಂದರೆ ಇಟ್ಟುಬಿಡಿ. ಬ್ಯಾಂಕುಗಳ ಜಾಲತಾಣದ ವಿಳಾಸಗಳೂ ಈಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗಬೇಕು. ಮೋಸ ಹೋಗಿದ್ದೇ ಆದರೆ ನಾಚಿಕೆಪಟ್ಟು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ನೀವೇ ಓಟಿಪಿ ಕೊಟ್ಟ ಪ್ರಕರಣದಲ್ಲಿ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಅವರದು.

ನಮ್ಮ ಹುಡುಗ ಅವತ್ತೇ ಅರ್ಜಿ ಹಾಕಲು ಹೊರಟಿದ್ದ. ಫೋನಿನ ಕಂತು ಮುಗಿಯಲಿ ಎಂದು ತಡೆದೆ. ಜನವರಿಯಲ್ಲಿ ಕೊನೆಯ ಕಂತು ಮುಗಿಯಿತು. ಮೂರು ಸ್ಯಾಲರಿ ಸ್ಲಿಪ್, ಫಾರಂ 16 ಹಾಕಿ ಫೆಬ್ರುವರಿಯಲ್ಲಿ ಕೇಳಿದ. ಎರಡು ಲಕ್ಷ ಕೇಳಿದ್ದ, ಎಂಟು ದಿನದ ಮೇಲೆ 1,60,000 ಎಂದು ಮೆಸೇಜ್ ಬಂತು. ತಿಂಗಳ ಬಿಲ್ ಈಗಲೂ ಹತ್ತು ಹನ್ನೆರಡು ಸಾವಿರವೇ.